ಹಂಗಾಮಿ ಕೋಚ್ ಚಲಪತಣ್ಣ

ಚಲಪತಣ್ಣನ ಬಾಯಲ್ಲಿ 'ರೈಟ್' ಎಂದರೆ ಬಲಗಡೆ ಅಲ್ಲ, ಹೊರಡು ಎಂದರ್ಥ. ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರಾಗಿ ಸವೆದ ಬಾಯಿ ಅದು. ಹೊರಡಬೇಕಾದರೆ 'ರೈಟ್', ನಿಲ್ಲಬೇಕಾದರೆ 'ಓಲ್ಡಾನ್'. ಈ ಎರಡು ಮಾತಿನಲ್ಲಿ ಬಸ್ಸು ಓಡಿತು, ಸಂಸಾರವೂ ಓಡಿತು. ಫುಟ್‌ಬಾಲ್ ತಂಡ ಓಡಿಸುವ ಹೊತ್ತಿಗೆ ಮಾತ್ರ ತೊಡಕು ಬಂತು. ಮೈದಾನದಲ್ಲಿ ಬಲಗಡೆಗೆ ಸರಿ ಎಂದು ಕೂಗಲು ಒಂದು ಮಾತು ಬೇಕಲ್ಲ. 'ರೈಟ್' ಎಂದರೆ ನೇರ ಓಡು ಎಂದು ಅವರೇ ಹುಡುಗರಿಗೆ ಕಲಿಸಿಬಿಟ್ಟಿದ್ದರು. 'ಬಲಕ್ಕೆ' ಎನ್ನುವುದು ಡ್ರಿಲ್ ಮೇಷ್ಟರ ಮಾತು, ನಾಲಗೆಗೆ ಹತ್ತಲಿಲ್ಲ. ಕೊನೆಗೆ ಮನೆಮಾತಿಗೆ ಕೈ ಹಾಕಿದರು. ಅವರು ಮುಳಬಾಗಿಲು ದಾಟಿ ನಂಗಲಿ ಕಡೆಯವರು. ಅಲ್ಲಿಂದ ಒಂದು ಕೂಗು ಹಾಕಿದರೆ ಆಂಧ್ರಕ್ಕೆ ಕೇಳುತ್ತದೆ. ಮನೆಯಲ್ಲಿ ತೆಲುಗು. ತೆಲುಗಿನಲ್ಲಿ ಎಡಕ್ಕೆ 'ಎಡಮ', ಬಲಕ್ಕೆ 'ಕುಡಿ'. ಕನ್ನಡದಲ್ಲಿ ಆ ಮಾತಿಗೆ ಏನರ್ಥವೋ ಅದು ಎಲ್ಲರಿಗೂ ಗೊತ್ತು. ಆದರೆ ನಮ್ಮ ಜಿಲ್ಲೆಯಲ್ಲಿ ಎರಡು ಭಾಷೆ ಒಂದೇ ತಟ್ಟೆಯಲ್ಲಿ ಉಣ್ಣುತ್ತವೆ, ಆದ್ದರಿಂದ ಮಾಲೂರಿನ ಮೈದಾನದಲ್ಲಿ ಬೆಳಗ್ಗೆ ಬೆಳಗ್ಗೆ 'ಕುಡಿ, ಕುಡಿ' ಎಂದು ಒಬ್ಬ ಮನುಷ್ಯ ಅರಚುತ್ತಿದ್ದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ.

ಆಳು ಎತ್ತರ. ಬಸ್ಸಿನ ಸೂರಿಗೆ ತಲೆ ತಾಗಿಸಿಕೊಂಡು ತಾಗಿಸಿಕೊಂಡು ಕತ್ತು ಸ್ವಲ್ಪ ಮುಂದಕ್ಕೆ ಬಾಗಿತ್ತು. ತಲೆಗೂದಲಿಗೆ ಕಡುಕಪ್ಪು ಬಣ್ಣ ಹಚ್ಚುತ್ತಿದ್ದರು, ಮೀಸೆಗೆ ಹಚ್ಚುವಷ್ಟು ವ್ಯವಧಾನ ಇರುತ್ತಿರಲಿಲ್ಲ. ಹಾಗಾಗಿ ಮೂಗಿನ ಮೇಲೆ ಒಂದು ವಯಸ್ಸು, ಕೆಳಗೆ ಇನ್ನೊಂದು. ಜೇಬಿನಲ್ಲಿ ಸದಾ ಬಾಚಣಿಗೆ. ನಾವು ಗೋಲು ಹೊಡೆದರೂ ಬಾಚಿಕೊಳ್ಳುತ್ತಿದ್ದರು, ನಮಗೆ ಗೋಲು ಬಿದ್ದರೂ ಬಾಚಿಕೊಳ್ಳುತ್ತಿದ್ದರು. ವಿನಯ ಎನ್ನುವುದು ಅವರ ಹತ್ತಿರ ಸುಳಿದದ್ದನ್ನು ನಾನು ಕಂಡಿಲ್ಲ. ಗೆದ್ದರೆ ತನ್ನಿಂದ, ಸೋತರೆ ರೆಫರಿಯಿಂದ. ರೆಫರಿಗಳ ಮೇಲೆ ಅವರಿಗೆ ಚಿಲ್ಲರೆ ಕೊಡದ ಪ್ಯಾಸೆಂಜರ್ ಮೇಲಿದ್ದಂಥ ಸಿಟ್ಟು.

ನಾನು ಅವರನ್ನು ಮೊದಲು ಕಂಡದ್ದು ಕಾಲೇಜಿಗೆ ಹೋಗುವಾಗ. ನಮ್ಮೂರು ಮಾಸ್ತಿ ಹೋಬಳಿಯ ಒಂದು ಹಳ್ಳಿ. ರಾಗಿ ಬೆಳೆಯುವ ಮನೆ, ಹಾಲು ಡೇರಿಗೆ ಹಾಕುವ ಮನೆ, ಮನೆಮಾತು ಕನ್ನಡ. ಮಾಲೂರಿನ ಬಸ್ಸಿಗೆ ಅವರೇ ಕಂಡಕ್ಟರು. ಕನ್ನಡದಲ್ಲಿ ಟಿಕೆಟ್ ಕೊಟ್ಟು, ತೆಲುಗಿನಲ್ಲಿ ಬೈದು, ಉರ್ದುವಿನಲ್ಲಿ ಡ್ರೈವರನ ಜೊತೆ ತಮಾಷೆ ಮಾಡುತ್ತಿದ್ದ ಆ ಬಸ್ಸಿನಲ್ಲೇ ನಾನು ತೆಲುಗು ಕಲಿತದ್ದು. ಆಮೇಲೆ ನಾನು ಮಾಲೂರಿನ ಹೈಸ್ಕೂಲೊಂದರಲ್ಲಿ ಗುಮಾಸ್ತನಾದೆ, ನಮ್ಮ ಕೆರೆಯಂಗಳ ಫುಟ್‌ಬಾಲ್ ಕ್ಲಬ್ಬಿಗೆ ಸೆಕ್ರೆಟರಿಯಾದೆ, ಅವರು ನಿವೃತ್ತರಾಗಿ ಕ್ಲಬ್ಬಿನ ಪ್ರಯಾಣದ ಉಸ್ತುವಾರಿಯಾದರು. ನನ್ನ ಹುದ್ದೆ, ತಲೆ ಬೋಳಾದದ್ದು, ಮದುವೆ, ಮಕ್ಕಳು, ಯಾವುದೂ ಅವರ ಲೆಕ್ಕಕ್ಕೆ ಬರಲಿಲ್ಲ. ಶಾಲೆಯ ಕಾಂಪೌಂಡಿನ ಆಚೆ ನಿಂತು, ಮಕ್ಕಳೆಲ್ಲ ಕೇಳುವಂತೆ, 'ಲೇ ಮಂಜ, ಈಚೆ ಬಾರ್ಲಾ' ಎಂದು ಕರೆಯುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು, ಹೋಗದೆ ಇರುವುದಕ್ಕೂ ಆಗುತ್ತಿರಲಿಲ್ಲ.

ಕ್ಲಬ್ಬಿಗೆ ಆ ಹೆಸರು ಬಂದದ್ದು ಒಣಗಿದ ಕೆರೆಯ ಅಂಗಳದಲ್ಲಿ ಆಡುತ್ತಿದ್ದುದರಿಂದ. ಕೆರೆಗೆ ಮತ್ತೆ ನೀರು ಬಂದಾಗ ಊರಿಗೆ ಊರೇ ಸಂತೋಷಪಟ್ಟಿತು, ನಾವು ಮಾತ್ರ ಮುಳುಗಿದ ಗೋಲ್‌ಪೋಸ್ಟ್ ನೋಡುತ್ತ ದಡದಲ್ಲಿ ನಿಂತಿದ್ದೆವು. ಆಮೇಲೆ ಶಾಲೆಯ ಮೈದಾನ ಹಿಡಿದೆವು. ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆ ಅಂಗಿ, ಚೆಂಡು, ಬಸ್ಸು ಎಲ್ಲ ಕೊಡಲು ಒಪ್ಪಿತು. ಸೆಲ್ವ ಸಾರ್ ಎಂಬ ಒಳ್ಳೆಯ ಕೋಚ್ ಸಿಕ್ಕಿದರು. ಎಲ್ಲ ಸರಿಹೋಯಿತು ಎನ್ನುವಾಗ, ಪಂದ್ಯಾವಳಿಯ ನಡುವೆ, ಸೆಲ್ವ ಸಾರ್‌ಗೆ ಬೇರೆ ಕಡೆ ಕೆಲಸ ಸಿಕ್ಕಿ ಹೊರಟುಬಿಟ್ಟರು. ಮುಂದಿನ ಭಾನುವಾರ ಶ್ರೀನಿವಾಸಪುರದಲ್ಲಿ ಪಂದ್ಯ. ತಂಡದ ಜೊತೆ ಹೇಗೂ ಬಸ್ಸಿನಲ್ಲಿ ಹೋಗುವವರು ಚಲಪತಣ್ಣ ಒಬ್ಬರೇ. ಅಧ್ಯಕ್ಷ ಅಶ್ವತ್ಥರೆಡ್ಡಿ ಫೋನ್ ಮಾಡಿ, ಸದ್ಯಕ್ಕೆ ನೀನೇ ನೋಡ್ಕೋ ಅಣ್ಣ, ಹಂಗಾಮಿ ಅಂತ ಹಾಕ್ಕೊಳ್ಳೋಣ ಎಂದರು. ಅಶ್ವತ್ಥ ಇಟ್ಟಿಗೆ ವ್ಯಾಪಾರಿ. ಅವರ ತಾಯಿಯ ಊರು, ಚಲಪತಣ್ಣನ ಊರು ಅಕ್ಕಪಕ್ಕ; ಚಿಕ್ಕಂದಿನಲ್ಲಿ ಅಶ್ವತ್ಥನನ್ನು ಹೆಗಲ ಮೇಲೆ ಕೂರಿಸಿಕೊಂಡು ಜಾತ್ರೆ ತೋರಿಸಿದವರು ಚಲಪತಣ್ಣ.

ಶ್ರೀನಿವಾಸಪುರಕ್ಕೆ ನಾನೂ ಹೋಗಿದ್ದೆ, ಮಾನ ಹೋಗುವುದನ್ನು ನೋಡಲು ಒಬ್ಬರಾದರೂ ಇರಲಿ ಎಂದು. ಮಾವಿನ ತೋಪಿನ ಪಕ್ಕದ ಮೈದಾನ. ಅರ್ಧ ಆಟದವರೆಗೆ ನಮ್ಮ ಹುಡುಗರೆಲ್ಲ ನಮ್ಮ ಗೋಲಿನ ಮುಂದೆಯೇ ಗುಂಪುಗಟ್ಟಿ ನಿಂತಿದ್ದರು, ಎದುರಾಳಿಗಳು ಹೊಡೆದದ್ದು ಹೊಡೆದದ್ದೇ. ಚಲಪತಣ್ಣ ಎದ್ದು ಗೆರೆಯ ಹತ್ತಿರ ಹೋದರು. ಕೈ ಎತ್ತಿ, ಇಲ್ಲದ ಕಂಬಿ ಹಿಡಿದುಕೊಂಡಂತೆ ನಿಂತು ಕೂಗಿದರು.

'ಬಾಗ್ಲಲ್ಲೇ ಯಾಕ್ರೋ ನಿಂತಿದೀರಾ? ಒಳಗ್ ನಡೀರಿ, ಮಧ್ಯ ಖಾಲಿ ಐತೆ.'

ಇಡೀ ಮೈದಾನ ನಕ್ಕಿತು. ನಮ್ಮ ಹುಡುಗರೂ ನಕ್ಕರು. ಆದರೆ ಹುಟ್ಟಿದಾಗಿನಿಂದ ಆ ಮಾತು ಕೇಳಿದರೆ ಒಳಗೆ ಸರಿದು ಅಭ್ಯಾಸವಾದ ಕಾಲುಗಳು ಅವು. ನಗುತ್ತಲೇ ಮಧ್ಯಕ್ಕೆ ಹರಡಿಕೊಂಡವು. ನೋಡನೋಡುತ್ತ ಚೆಂಡು ನಮ್ಮದಾಯಿತು. ಸೋಲಬೇಕಾದ ಪಂದ್ಯ ಸಮವಾಯಿತು. ನನಗೆ ನಂಬುವುದಕ್ಕೇ ಆಗಲಿಲ್ಲ. ಸೆಲ್ವ ಸಾರ್ ಹಲಗೆಯ ಮೇಲೆ ಬಾಣ ಬರೆದು ಬರೆದು ಹೇಳಿದ್ದೂ ಅದನ್ನೇ ಇರಬೇಕು, ಆದರೆ ಆ ಬಾಣಗಳಿಗೆ ಯಾರೂ ಒಳಗೆ ನಡೆದಿರಲಿಲ್ಲ. ವಾಪಸು ಬರುವಾಗ ಚಲಪತಣ್ಣ ಬಸ್ಸಿನ ಫುಟ್‌ಬೋರ್ಡಿನಲ್ಲಿ ನಿಂತು ತಲೆ ಬಾಚಿಕೊಳ್ಳುತ್ತಲೇ ಇದ್ದರು.

ಅಲ್ಲಿಂದ ಮುಂದೆ ಅವರ ದರ್ಬಾರು ಶುರುವಾಯಿತು. ಬೆಳಗ್ಗೆ ಒಂದು ಹಾಲಿನ ಕ್ಯಾನಿನಲ್ಲಿ ರಾಗಿ ಅಂಬಲಿ ತರುತ್ತಿದ್ದರು. ರಾತ್ರಿಯೇ ಕಲಸಿಟ್ಟ ಅಂಬಲಿ, ಮುಚ್ಚಳ ತೆಗೆದರೆ ಹುಳಿ ವಾಸನೆ ಮೂಗಿಗೆ ರಪ್ಪನೆ ಹೊಡೆಯುತ್ತಿತ್ತು. ಕುಡಿಯದವನಿಗೆ ಅಂದು ಆಟವಿಲ್ಲ. ನಿಯಮಗಳೆಲ್ಲ ಅವರ ಕೈಯಲ್ಲಿ ಹೊಸ ರೂಪ ಪಡೆದವು. ಆಫ್‌ಸೈಡ್ ಎಂದರೇನು ಎಂದು ಯಾರೋ ಕೇಳಿದರೆ, 'ಟಿಕೆಟ್ ತಗೊಳ್ದೇ ಸೀಟ್ ಹಿಡಿಯೋದು ಕಣ್ಲಾ' ಎಂದರು. ಅದು ಪೂರ್ತಿ ಸರಿಯಲ್ಲ ಎಂದು ನಾನು ಬಾಯಿ ಹಾಕಿದೆ. ಹಾಗಾದ್ರೆ ನೀನೇ ಹೇಳು ಎಂದರು. ನನಗೂ ಹೇಳಲು ಬರಲಿಲ್ಲ. ಕೋಲಾರದಲ್ಲಿ ಒಂದು ಪಂದ್ಯದಲ್ಲಿ ಎಷ್ಟು ಜನರನ್ನು ಬದಲಾಯಿಸಬಹುದು ಎಂಬುದನ್ನೇ ಮರೆತು, ಬದಲಿಗಳನ್ನೆಲ್ಲ ಮೊದಲೇ ಇಳಿಸಿಬಿಟ್ಟು, ಆಮೇಲೆ ಒಬ್ಬನಿಗೆ ಕಾಲು ನೋವಾದಾಗ ಕಳಿಸಲು ಯಾರೂ ಇಲ್ಲದೆ, ಹತ್ತೇ ಜನ ಆಡಿ ಚೆನ್ನಾಗಿ ಒದೆ ತಿಂದು ಬಂದೆವು. ಅದಕ್ಕೂ ರೆಫರಿಯೇ ಕಾರಣ ಎಂದು ದಾರಿಯುದ್ದಕ್ಕೂ ವಾದಿಸಿದರು.

ಗೆದ್ದದ್ದು ಹೆಚ್ಚು, ಸೋತದ್ದು ಕಡಿಮೆ. ಆದ್ದರಿಂದ ಮಾಲೂರಿನಲ್ಲಿ ಎರಡು ಪಕ್ಷವಾದವು. ಅವರನ್ನೇ ಖಾಯಂ ಕೋಚ್ ಮಾಡಿ ಎಂದು ಹುಡುಗರು. ಚಹಾ ಅಂಗಡಿಯ ಪಂಡಿತರು ಬೇಡ ಎಂದರು. ಸರ್ಟಿಫಿಕೇಟ್ ಇಲ್ಲ, ನಿಯಮ ಗೊತ್ತಿಲ್ಲ, ಹೊಸದರಲ್ಲಿ ಎಲ್ಲರೂ ಗೆಲ್ಲುತ್ತಾರೆ, ಖಾಯಂ ಮಾಡಿದ ಮರುದಿನವೇ ಗಾಳಿ ಹೋಗುತ್ತದೆ ಎಂಬುದು ಅವರ ವಾದ. ತೀರಾ ತಳ್ಳಿಹಾಕುವ ಮಾತಲ್ಲ ಅದು. ಬಹಳ ಕಡೆ ಹಾಗೆ ಆದದ್ದುಂಟು. ಆದರೂ ನಾನು ಚಲಪತಣ್ಣನ ಪಕ್ಷ. ಆ ಮನುಷ್ಯ ಕೂಗಿದರೆ ಕೇಳಬೇಕೆನಿಸುತ್ತಿತ್ತು, ಕೋಚ್‌ಗೆ ಇನ್ನೇನು ಬೇಕು?

ಅವರಿಗಂತೂ ಆ ಖಾಯಂ ಎಂಬ ಮಾತಿನ ಮೇಲೆ ಪ್ರಾಣ. ಹೊರಗೆ ತೋರಿಸಿಕೊಳ್ಳುತ್ತಿರಲಿಲ್ಲ. ಯಾರಾದರೂ ಕೋಚ್ ಸಾರ್ ಎಂದರೆ, 'ಹಂಗಾಮಿ, ಹಂಗಾಮಿ' ಎಂದು ತಿದ್ದುತ್ತಿದ್ದರು, ಎದುರಿನವರು ಛೆ ಛೆ ಎನ್ನಲಿ ಎಂದು ಕಾಯುತ್ತಿದ್ದರು. ಈಯಪ್ಪ ಮನೇಲೂ ಹಂಗಾಮಿನೇ, ನಾನು ಯಾವತ್ತೂ ಪರ್ಮನೆಂಟ್ ಮಾಡಿಲ್ಲ ಎಂದು ಅವರ ಹೆಂಡತಿ ಸರೋಜಮ್ಮ ನಗೆಯಾಡುತ್ತಿದ್ದರು. ಒಂದು ದಿನ ಮಾತ್ರ, ಅಭ್ಯಾಸ ಮುಗಿಸಿ ಇಬ್ಬರೇ ಕೂತಿದ್ದಾಗ, ತಾವಾಗಿಯೇ ಬಾಯಿ ಬಿಟ್ಟರು.

'ಬದಲಿ ಕಂಡಕ್ಟರ್ ಅಂದ್ರೆ ಏನ್ ಗೊತ್ತೇನ್ಲಾ? ಯಾವನಾದ್ರೂ ಜ್ವರ ಬಂದು ಮಲಗಿದ್ರೆ ನಮಗೆ ಡ್ಯೂಟಿ. ಡಿಪೋ ಬಾಗ್ಲಲ್ಲಿ ನಿಂತ್ಕೊಂಡು, ದೇವ್ರೇ, ಯಾವನಿಗಾದ್ರೂ ಜ್ವರ ಬರ್ಲಪ್ಪ ಅಂತ ಬೇಡ್ಕೊಳ್ಳೋದು. ಎಂಥಾ ಪಾಪಿಷ್ಠ ಬಾಳು ಹೇಳು. ನಮ್ಮಪ್ಪ ದಿನಾ ಕೇಳೋನು, ಪರ್ಮನೆಂಟ್ ಆಯ್ತೇನೋ, ಆಯ್ತೇನೋ ಅಂತ. ಕೇಳ್ತಾ ಕೇಳ್ತಾನೇ ಹೋಗ್ಬಿಟ್ಟ. ಆಮೇಲೆ ಆಯ್ತು. ಆಗಿ ಯಾರಿಗ್ ಹೇಳೋದು?'

ಈ ಸಲ ಹೇಳಲು ಸರೋಜ ಇದ್ದಾಳೆ, ಬೇಗ ಮಾಡಿಸು ಎಂದರು. ಅವರ ಬಾಯಲ್ಲಿ ಬೇಡುವ ದನಿ ನಾನು ಕೇಳಿದ್ದು ಅದೊಂದೇ ಸಲ. ಖಂಡಿತ ಆಗುತ್ತದಣ್ಣ ಎಂದೆ. ಅಷ್ಟು ಹೊತ್ತಿಗಾಗಲೇ ಕಮಿಟಿಯಲ್ಲಿ ಎಲ್ಲರೂ ಒಪ್ಪಿದ್ದರು, ಮುಂದಿನ ಸಭೆಯಲ್ಲಿ ಕೈ ಎತ್ತುವುದೊಂದು ಬಾಕಿ ಇತ್ತು.

ಸಭೆಗೆ ಮುಂಚೆ ಮುಳಬಾಗಿಲಿನ ತಂಡದ ಜೊತೆ ಒಂದು ಪಂದ್ಯವಿತ್ತು. ನಮಗೆ ಅಂಗಿ, ಚೆಂಡು ಕೊಡುವ ಕಾರ್ಖಾನೆಯ ಆಫೀಸರ್ ಪಾಟೀಲರು ಮೊದಲ ಸಲ ಆಟ ನೋಡಲು ಬಂದು ನನ್ನ ಪಕ್ಕ ಕೂತರು. ಅವರು ಹಾವೇರಿ ಕಡೆಯವರು, ಮಾಲೂರಿಗೆ ಬಂದು ಸ್ವಲ್ಪವೇ ದಿನವಾಗಿತ್ತು. ಒಳ್ಳೆಯ ಮನುಷ್ಯ, ಆದರೆ ಕುಡಿತದ ಮಾತು ಬಂದರೆ ಮುಖ ಕಲ್ಲಾಗುತ್ತಿತ್ತು. ಅವರ ಕಾರ್ಖಾನೆಯಲ್ಲೇ ಕೆಲಸ ಮಾಡುವ, ಅವರ ಸೀಮೆಯವನೇ ಆದ ಬಸವರಾಜ ಎಂಬ ಹುಡುಗ ಅಂದು ನಮ್ಮ ಪರವಾಗಿ ಮೊದಲ ಸಲ ಆಡುತ್ತಿದ್ದ. ಗಾಳಿಯ ಹಾಗೆ ಓಡುತ್ತಿದ್ದ. ಚೆಂಡು ಅವನ ಕಾಲಿಗೆ ಬಂತು, ಬಲಗಡೆ ಪೂರ್ತಿ ಖಾಲಿ. ಚಲಪತಣ್ಣ ಎಗರೆಗರಿ ಕೂಗಿದರು, 'ಕುಡಿ! ಕುಡಿ! ಕುಡಿಯೋ ಬಸ್ಯಾ!'

ಬಸವರಾಜ ಒಂದು ಗಳಿಗೆ ತಬ್ಬಿಬ್ಬಾದ. ಹಿರಿಯರು ಇಷ್ಟು ಒತ್ತಾಯ ಮಾಡುತ್ತಿದ್ದಾರಲ್ಲ ಎನಿಸಿತೋ ಏನೋ, ಚೆಂಡನ್ನು ಅಲ್ಲೇ ಬಿಟ್ಟು, ಗೆರೆಯ ಹತ್ತಿರ ಓಡಿ ಬಂದು, ಅಲ್ಲಿಟ್ಟಿದ್ದ ಅಂಬಲಿ ಕ್ಯಾನಿನ ಮುಚ್ಚಳ ತೆಗೆದು ಗಟಗಟ ಕುಡಿದ. ಬಿಟ್ಟ ಚೆಂಡು ಎತ್ತಿಕೊಂಡ ಮುಳಬಾಗಿಲಿನವರು ನೇರ ಹೋಗಿ ಗೋಲು ಹೊಡೆದರು.

ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಗೋಲು ಬಿದ್ದ ಬೇಸರವೂ ನೆನಪಾಗಲಿಲ್ಲ. ನಾನು ಕಣ್ಣೊರೆಸಿಕೊಂಡು ಪಕ್ಕಕ್ಕೆ ತಿರುಗಿದರೆ ಪಾಟೀಲರ ಮುಖ ಬಿಳಿಚಿಕೊಂಡಿತ್ತು. ಗಾಳಿಗೆ ಅಂಬಲಿಯ ಹುಳಿ ವಾಸನೆ ಅವರತ್ತಲೇ ಬರುತ್ತಿತ್ತು. ಇದೇನ್ರೀ, ಆಟದಾಗೂ ಹುಡುಗರಿಗೆ ಕುಡಿಸ್ತಾರೇನ್ರೀ ಎಂದು ಕೇಳಿದರು. ಅದು ಅಂಬಲಿ ಸಾರ್, ಆ ಮಾತಿಗೆ ಬೇರೆ ಅರ್ಥ ಸಾರ್ ಎಂದು ನಾನು ನಗುವಿನ ನಡುವೆಯೇ ಹೇಳಿದೆ. ನಗುತ್ತ ಹೇಳಿದ್ದು ಅವರಿಗೆ ಜಾರಿಕೊಳ್ಳುವ ಮಾತಿನಂತೆ ಕೇಳಿಸಿರಬೇಕು. ಆಟ ಮುಗಿಯುವ ಮೊದಲೇ ಎದ್ದು ಹೋದರು.

ಸಭೆ ಸೇರಿದ್ದು ಅಶ್ವತ್ಥನ ಅಂಗಡಿಯ ಮಹಡಿಯಲ್ಲಿ. ಕಾರ್ಖಾನೆಯ ಪರವಾಗಿ ಪಾಟೀಲರೂ ಬಂದು ಕೂತಿದ್ದರು. ಚಲಪತಣ್ಣ ಹೊಸ ಟ್ರ್ಯಾಕ್‌ಸೂಟ್ ಹೊಲಿಸಿಕೊಂಡು ಬಂದಿದ್ದರು. ಕೊಂಡದ್ದಲ್ಲ, ಹೊಲಿಸಿದ್ದು, ಮೇಲಾಗಿ ಇಸ್ತ್ರಿ ಮಾಡಿಸಿ ಪ್ಯಾಂಟಿಗೆ ಗೆರೆ ಬೇರೆ ಹಾಕಿಸಿದ್ದರು. ಅಂದು ಮೀಸೆಗೂ ಬಣ್ಣ ಹಚ್ಚಿದ್ದರು. ನೋಡಿ ನನಗೆ ನಗು ಬಂತು, ಹಾಗೇ ಎದೆಯೂ ತುಂಬಿ ಬಂತು. ನಾನು ವಿಷಯ ಓದಿದೆ: ಹಂಗಾಮಿ ಕೋಚ್ ಅವರನ್ನು ಖಾಯಂ ಮಾಡುವ ಬಗ್ಗೆ. ಕೈಗಳು ಅರ್ಧ ಎದ್ದಿದ್ದವು. ಪಾಟೀಲರು ತಡೆದರು.

ನಮ್ಮ ಕಂಪನಿಯ ಹೆಸರು ನಿಮ್ಮ ಅಂಗಿಯ ಮೇಲಿದೆ, ಹುಡುಗರಿಗೆ ಕುಡಿಯಿರಿ ಎಂದು ಮೈದಾನದಲ್ಲಿ ನಿಂತು ಕೂಗುವವರನ್ನು ಖಾಯಂ ಮಾಡುವುದಾದರೆ ನಾವು ಹೊರಗೆ ಎಂದರು. ಚಲಪತಣ್ಣ ಗಟ್ಟಿಯಾಗಿ ನಕ್ಕುಬಿಟ್ಟರು. ಅಯ್ಯೋ ಸಾರ್, ಕುಡಿ ಅಂದ್ರೆ ತೆಲುಗಲ್ಲಿ ಬಲಗಡೆ ಅಂತ, ನಾನು ಜನ್ಮದಲ್ಲಿ ಹನಿ ಮುಟ್ಟಿದವನಲ್ಲ ಎಂದರು. ತಪ್ಪು ಹೊತ್ತವನ ಮಾತು ಪಾಟೀಲರಿಗೆ ಸಾಲಲಿಲ್ಲ. ನಾನೂ ಹೇಳಿದೆ, ಈ ಸಲ ನಗದೆ. ಅವರು ನನ್ನನ್ನು ನೋಡಿ, 'ನಿಮ್ಮ ಮನಿಮಾತು ತೆಲುಗೇನ್ರೀ?' ಎಂದು ಕೇಳಿದರು. ಅಲ್ಲ ಸಾರ್, ಕನ್ನಡ ಎಂದೆ. ಅವರು ಅಶ್ವತ್ಥನ ಕಡೆ ತಿರುಗಿದರು. ನೀವು ಅಧ್ಯಕ್ಷರು, ನೀವು ಹೇಳಿರಿ, ಅದು ಖರೇ ಏನು ಎಂದರು.

ಚಲಪತಣ್ಣ ನಗುಮುಖದಲ್ಲೇ ಅಶ್ವತ್ಥನ ಕಡೆ ನೋಡಿದರು. ನಾನೂ ನೋಡಿದೆ. ಮನೆಯಲ್ಲಿ ತೆಲುಗು ಬಿಟ್ಟರೆ ಬೇರೆ ಮಾತಿಲ್ಲದ ಮನುಷ್ಯ. ಅವರ ತಾಯಿಗೆ ಕನ್ನಡವೇ ಬರುವುದಿಲ್ಲ. ನಾನು ಮನೆಗೆ ಹೋದಾಗಲೆಲ್ಲ ಆಯಮ್ಮನ ಜೊತೆ ನನ್ನ ಮುರುಕಲು ತೆಲುಗಿನಲ್ಲಿ ಮಾತಾಡಿ ಕಾಫಿ ಕುಡಿದು ಬಂದಿದ್ದೇನೆ. ಅಶ್ವತ್ಥ ಮೇಜಿನ ಮೇಲಿದ್ದ ಪೆನ್ನು ಸರಿಸಿದರು. ಪಾಟೀಲರ ಅಂಗಿಯ ಜೇಬು ನೋಡಿದರು.

'ನಮ್ಕಡೆ ಎಲ್ಲಾ ಕನ್ನಡಾನೇ ಸಾರ್,' ಎಂದರು. 'ತೆಲುಗು ಅಷ್ಟಾಗಿ ತಿಳಿಯಲ್ಲ.'

ನನ್ನ ಕಿವಿಯನ್ನೇ ನಾನು ನಂಬಲಿಲ್ಲ. ಮಿಕ್ಕವರು ಏನಾದರೂ ಹೇಳುತ್ತಾರೆಂದು ಸುತ್ತ ನೋಡಿದೆ. ಅಲ್ಲಿದ್ದವರಲ್ಲಿ ಮುಕ್ಕಾಲು ಪಾಲು ಜನ ಮನೆಯಲ್ಲಿ ತೆಲುಗಿನವರು. ಒಬ್ಬರು ಫೋನ್ ನೋಡಿಕೊಂಡರು, ಒಬ್ಬರು ಫ್ಯಾನ್ ನೋಡಿದರು. ಬಾಯಿ ಯಾರದೂ ತೆರೆಯಲಿಲ್ಲ. ಆ ಫೋನಿನಲ್ಲೇ ಹುಡುಕಿದ್ದರೆ ಅರ್ಥ ಸಿಗುತ್ತಿತ್ತು ಎಂದು ಆಮೇಲೆ ಯಾರೋ ಹೇಳಿದರು. ಎದುರಿಗೆ ಅಷ್ಟು ಬಾಯಿಗಳು ಕೂತಿರುವಾಗ ಫೋನ್ ಯಾರಿಗೆ ನೆನಪಾಗುತ್ತದೆ? ಅಂಗಿ, ಚೆಂಡು, ಬಸ್ಸು ಕೈತಪ್ಪುವ ಹೆದರಿಕೆ ಒಂದು. ಹೊರಗಿನಿಂದ ಬಂದ ಆಫೀಸರ್ ಎದುರು ತಾವು ಅಪ್ಪಟ ಕನ್ನಡದವರೆಂದು ಕಾಣಿಸಿಕೊಳ್ಳುವ ಆಸೆ ಇನ್ನೊಂದು. ಪಾಟೀಲರು ಅದನ್ನು ಕೇಳಿರಲೇ ಇಲ್ಲ. ಅವರು ಕೇಳಿದ್ದು ಒಂದು ಮಾತಿನ ಅರ್ಥ ಮಾತ್ರ. ಇಷ್ಟು ವರ್ಷ ಒಟ್ಟಿಗೆ ತಿರುಗಿದ ಈ ಜನರನ್ನು ನಾನು ಅಂದು ಮೊದಲ ಸಲ ನೋಡುತ್ತಿದ್ದೇನೆ ಎನಿಸಿ ಭಯವಾಯಿತು.

ಚಲಪತಣ್ಣನ ನಗು ಮುಖದ ಮೇಲೆ ಹಾಗೇ ಸ್ವಲ್ಪ ಹೊತ್ತು ಉಳಿದಿತ್ತು, ಇಳಿಸುವುದು ಮರೆತುಹೋದ ಹಾಗೆ. ಆಮೇಲೆ ಎದ್ದರು. ಬಾಗಿಲ ಹತ್ತಿರ ಹೋಗಿ, ಅಶ್ವತ್ಥನಿಗೆ ಮೆಲ್ಲಗೆ ತೆಲುಗಿನಲ್ಲಿ ಹೇಳಿದರು.

'ಇಂಟಿಕಿ ಪೋಯಿ ಮೀ ಅಮ್ಮನಿ ಅಡುಗು ರಾ.'

ಮನೆಗೆ ಹೋಗಿ ನಿಮ್ಮಮ್ಮನನ್ನು ಕೇಳೋ ಎಂದು. ಬೈಗುಳದ ದನಿ ಇರಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವರು ಮೆಟ್ಟಿಲಿಳಿದು ಹೋದ ಮೇಲೆ ಆ ವಿಷಯವನ್ನು ಮುಂದಕ್ಕೆ ಹಾಕಲಾಯಿತು. ಮರುದಿನ ಬೆಳಗ್ಗೆ ಅಭ್ಯಾಸಕ್ಕೆ ಅವರು ಬರಲಿಲ್ಲ. ಬಸ್ ಸ್ಟ್ಯಾಂಡ್ ಹಿಂದಿನ ಅವರ ಬಾಡಿಗೆ ಮನೆಗೆ ಹೋದೆ. ಒಳಗಿದ್ದರೂ ಹೊರಗೆ ಬರಲಿಲ್ಲ, ಮಲಗಿದ್ದಾರೆ ಎಂದು ಸರೋಜಮ್ಮ ಬಾಗಿಲಲ್ಲೇ ಹೇಳಿದರು. ಇನ್ನೊಂದು ಸಲ ಹೋದಾಗ ಮನೆ ಖಾಲಿಯಾಗಿತ್ತು. ಸ್ವಂತ ಊರಿಗೆ, ಹಿಪ್ಪುನೇರಳೆ ತೋಟಕ್ಕೆ ಹೋದರು ಎಂದು ಪಕ್ಕದ ಮನೆಯವರು ಹೇಳಿದರು. ನಾನು ಫೋನ್ ಮಾಡಿದರೆ ಎತ್ತಲಿಲ್ಲ.

ತಂಡ ಬಿದ್ದುಹೋಯಿತು ಎಂದು ನಾನು ಬೇರೆ ಹೇಳಬೇಕಾಗಿಲ್ಲ. ಹುಡುಗರಿಗೆ ಆಡುವ ಮನಸ್ಸೇ ಇರಲಿಲ್ಲ. ಹೀಗಿರುವಾಗ ಒಂದು ದಿನ ಪಾಟೀಲರೇ ಶಾಲೆಯ ಆಫೀಸಿಗೆ ಬಂದು ನನ್ನ ಎದುರು ಕೂತರು. ಅವರ ಕಾರಿಗೆ ಹೊಸ ಡ್ರೈವರ್ ಬಂದಿದ್ದನಂತೆ, ಮದನಪಲ್ಲಿ ಕಡೆಯವನು. ಫೋನಿನಲ್ಲಿ ಯಾರಿಗೋ ದಾರಿ ಹೇಳುವಾಗ ಅವನು ಕುಡಿ ಪಕ್ಕ, ಕುಡಿ ಪಕ್ಕ ಎನ್ನುವುದನ್ನು ಕೇಳಿ ಪಾಟೀಲರು ಕಾರು ನಿಲ್ಲಿಸಲು ಹೇಳಿ ಅರ್ಥ ಕೇಳಿದರಂತೆ.

'ನನಗ ಭಾಷಾ ಬರೂದಿಲ್ಲ, ತಪ್ಪು ತಿಳಕೊಂಡೆ. ಅವರಿಗೆಲ್ಲಾ ಬರ್ತಿತ್ತಲ್ಲರೀ. ಅವರ್ಯಾಕ ಸುಮ್ಮನ ಕೂತಿದ್ರು?'

ಅವರು ಅಲ್ಲಿಂದಲೇ ಅಶ್ವತ್ಥನಿಗೆ ಫೋನ್ ಮಾಡಿ, ಆ ಮನುಷ್ಯನನ್ನು ಖಾಯಂ ಮಾಡಿ, ಕರೆತರಲು ನಾನೂ ಬರುತ್ತೇನೆ ಎಂದರು. ಮರುದಿನವೇ ಸಭೆ ಸೇರಿತು, ಎಲ್ಲ ಕೈಗಳೂ ಮೇಲೆದ್ದವು. ಆ ಕೈಗಳನ್ನು ನೋಡಿ ನನಗೆ ಹೇಸಿಗೆಯಾಯಿತು, ಆದರೂ ಚಲಪತಣ್ಣನ ಆಸೆ ಈಡೇರಿತಲ್ಲ ಎಂದು ಸುಮ್ಮನಾದೆ. ಅಶ್ವತ್ಥನ ಕಾರಿನಲ್ಲಿ ಹೊರಟೆವು: ಅಶ್ವತ್ಥ, ಪಾಟೀಲರು, ನಾನು. ಕೋಲಾರ, ಮುಳಬಾಗಿಲು ದಾಟಿ, ಹೆದ್ದಾರಿ ಬಿಟ್ಟು ಅವರ ಊರಿನ ಮಣ್ಣುದಾರಿ ಹಿಡಿದಾಗ ಮಧ್ಯಾಹ್ನ.

ಚಲಪತಣ್ಣ ಅಂಗಳದಲ್ಲಿ ಹಿಪ್ಪುನೇರಳೆ ಸೊಪ್ಪು ಕತ್ತರಿಸುತ್ತ ಕೂತಿದ್ದರು. ಬಣ್ಣ ಬಿಟ್ಟುಹೋಗಿ ಕೂದಲು, ಮೀಸೆ ಎರಡೂ ಒಂದೇ ವಯಸ್ಸಿಗೆ ಬಂದಿದ್ದವು. ನಮ್ಮನ್ನು ನೋಡಿ ಎದ್ದು ಕೈ ಮುಗಿದರು. ಪಾಟೀಲರು ಮುಂದೆ ಹೋಗಿ ಅವರ ಎರಡೂ ಕೈ ಹಿಡಿದುಕೊಂಡು, ನನ್ನಿಂದ ತಪ್ಪಾಯಿತು ಎಂದರು. ಚಲಪತಣ್ಣ ಜೋರಾಗಿ ನಕ್ಕರು. ಬ್ಯಾರೆ ಸೀಮೆಯೋರು ನೀವು, ನಿಮಗೆಂಗೆ ಗೊತ್ತಾಗ್ತದೆ ಬ್ರದರ್, ಆ ಬಸ್ಯ ಅಂಬಲಿ ಕುಡಿದಿದ್ದು ನೆನೆಸ್ಕೊಂಡ್ರೆ ಈಗ್ಲೂ ನಗು ಬತ್ತದೆ ಎಂದು ಅವರ ಬೆನ್ನು ಚಪ್ಪರಿಸಿದರು. ಅದೇ ದನಿ, ಅದೇ ಚಲಪತಣ್ಣ. ನನಗೆ ಹೋದ ಜೀವ ಬಂದಂತಾಯಿತು.

ಆಮೇಲೆ ಅವರು ನಮ್ಮಿಬ್ಬರ ಕಡೆ ತಿರುಗಿದರು.

'ತಾವು ದಯವಿಟ್ಟು ಒಳಗೆ ಬನ್ನಿ. ಕೈಕಾಲು ತೊಳೆದುಕೊಳ್ಳಿ. ಊಟ ಮಾಡಿಕೊಂಡು ಹೋಗಬೇಕು.'

ಮೊದಲು ತಮಾಷೆ ಎಂದುಕೊಂಡೆ. ಒಳಗೆ ಕೂತ ಮೇಲೂ ಅದು ನಿಲ್ಲಲಿಲ್ಲ. ಸರೋಜಮ್ಮ ಮುದ್ದೆ, ಅವರೆಕಾಳು ಸಾರು ಬಡಿಸಿದರು. ಹೆಂಡತಿಯ ಜೊತೆ ತೆಲುಗು, ಪಾಟೀಲರ ಜೊತೆ ಅವರ ಮಾಮೂಲು ಕಲಬೆರಕೆ ಮಾತು, ನಮ್ಮ ಜೊತೆ ಮಾತ್ರ ಪುಸ್ತಕದ ಕನ್ನಡ. ತಮಗೆ ಸಾರು ಸಾಕೇ? ತಮ್ಮ ತಾಯಿಯವರ ಆರೋಗ್ಯ ಹೇಗಿದೆ? ಒಂದೇ ಒಂದು ತೆಲುಗು ಶಬ್ದವಿಲ್ಲ, ಒಂದು ಏಕವಚನವಿಲ್ಲ. ಹೆಗಲ ಮೇಲೆ ಕೂರಿಸಿಕೊಂಡು ಮೆರೆಸಿದ ಹುಡುಗನಿಗೆ ತಾವು ಎನ್ನುತ್ತಿದ್ದರು. ಅಶ್ವತ್ಥ ತುತ್ತು ನುಂಗಲಾರದೆ ಕೂತಿದ್ದರು. ಕೊನೆಗೆ ತಡೆಯಲಾರದೆ ತೆಲುಗಿನಲ್ಲೇ, ಅಣ್ಣಾ, ಪರ್ಮನೆಂಟ್ ಮಾಡಿದೀವಿ, ಎಲ್ಲರೂ ಒಪ್ಪಿದ್ದಾರೆ, ಬಾ ಎಂದು ಕರೆದರು. ಅಡುಗೆಮನೆಯ ಬಾಗಿಲಲ್ಲಿ ಸರೋಜಮ್ಮ ಸೌಟು ಹಿಡಿದು ನಿಂತುಬಿಟ್ಟರು.

'ತಮಗೆಲ್ಲ ನನ್ನ ಕೃತಜ್ಞತೆಗಳು,' ಎಂದರು ಚಲಪತಣ್ಣ. 'ಆದರೆ ಅದು ನನಗೆ ಅನುಕೂಲವಾಗುವುದಿಲ್ಲ. ಇನ್ನೊಂದು ಸ್ವಲ್ಪ ಅನ್ನ ಹಾಕಿಸಿಕೊಳ್ಳಿ.'

ಅಷ್ಟೇ. ಪಾಟೀಲರು ಎಷ್ಟೋ ಹೇಳಿದರು. ಚಲಪತಣ್ಣ ಅವರ ಬೆನ್ನು ತಟ್ಟಿ, ನಿಮ್ಮ ಮೇಲೇನೂ ಸಿಟ್ಟಿಲ್ಲ ಬ್ರದರ್, ಯಾವಾಗ್ ಬೇಕಾದ್ರೂ ಬಂದು ಉಂಡು ಹೋಗಿ ಎಂದು ಮಾತು ಮುಗಿಸಿದರು. ಅವರಿಬ್ಬರೂ ಕಾರಿನತ್ತ ಹೋದರು. ನಾನು ಬೇಕೆಂದೇ ಹಿಂದೆ ಉಳಿದೆ. ಅಶ್ವತ್ಥನ ಜೊತೆ ನನ್ನನ್ನೂ ಸೇರಿಸಿ ಹೊಡೆದದ್ದು ನನಗೆ ಸಹಿಸಲಾಗಲಿಲ್ಲ. ಅವರ ಪರವಾಗಿ ಬಾಯಿ ಬಿಟ್ಟವನು ನಾನೊಬ್ಬನೇ. ಅಂಗಳದಲ್ಲಿ ನಿಂತು, ಅವರೇ ಕಲಿಸಿದ ತೆಲುಗಿನಲ್ಲಿ, ಅಣ್ಣಾ, ನಾನು ಹೇಳಿದೆನಲ್ಲ, ನನ್ನ ಮೇಲೇಕೆ ಸಿಟ್ಟು ಎಂದು ಕೇಳಿದೆ.

ಅವರು ನನ್ನನ್ನೇ ನೋಡಿದರು. ಕಣ್ಣಲ್ಲಿ ಸಿಟ್ಟಿರಲಿಲ್ಲ.

'ಹೌದು, ತಾವು ಹೇಳಿದಿರಿ. ತಮ್ಮ ಮನೆಮಾತಲ್ಲ, ಆದರೂ ಹೇಳಿದಿರಿ. ನಮ್ಮ ಮಾತಿಗೆ ಅರ್ಥ ಇದೆ ಅಂತ ಸಾಕ್ಷಿ ಹೇಳೋಕೆ ನಮ್ಮೋರು ಯಾರೂ ಇಲ್ಲದೆ ತಾವು ಬೇಕಾಯ್ತಲ್ಲ, ಅದಕ್ಕೇ ತಮ್ಮ ಮುಖ ನೋಡೋಕೆ ನನಗೆ ಎಲ್ಲರಿಗಿಂತ ಜಾಸ್ತಿ ನಾಚಿಕೆ.'

ಕಾರಿನ ಹಾರ್ನ್ ಕೇಳಿಸಿತು. ಬೈಯಲಿ, ಕೆನ್ನೆಗೆ ಬಾರಿಸಲಿ, ಏನಾದರೂ ಮಾಡಲಿ ಎಂದು ನಿಂತೇ ಇದ್ದೆ. ಚಲಪತಣ್ಣ ಎರಡೂ ಕೈ ಜೋಡಿಸಿ, ಬಾಗಿದ ಕತ್ತನ್ನು ಇನ್ನಷ್ಟು ಬಾಗಿಸಿದರು.

'ಹೋಗಿ ಬನ್ನಿ, ಮಂಜುನಾಥ್ ಸಾರ್.'